ಮಂಜೇ, ಸ್ವಲ್ಪ ಎಡಕ್ಕೆ ಸರಿ

ಬೆಳಗಿನ ಮಂಜಿನ ಫೋಟೊ ಹಿಡಿಯಲು ಕತ್ತಲಲ್ಲೇ ಗುಡ್ಡ ಹತ್ತುವವರಲ್ಲಿ ನಾನೂ ಒಬ್ಬ. ಹಾಗಾಗಿ ಈ ಬೈಗುಳದಲ್ಲಿ ನನಗೂ ಪಾಲಿದೆ.

ಕಣಿವೆಯ ನೆತ್ತಿಯಲ್ಲಿ ಮೊದಲು ಕಾಣುವುದು ಮಂಜಲ್ಲ, ಟ್ರೈಪಾಡು. ಕಟಾಂಜನದ ಉದ್ದಕ್ಕೂ ಮೂರು ಕಾಲಿನ ಜೀವಿಗಳು ಸಾಲಾಗಿ ನಿಂತಿರುತ್ತವೆ, ಎರಡು ಕಾಲಿನವರು ಕಾರಿನಲ್ಲಿ ಗೊರಕೆ ಹೊಡೆಯುತ್ತಿರುತ್ತಾರೆ. ಟವೆಲ್ ಹಾಕಿ ಸೀಟು ಹಿಡಿದ ಹಾಗೆ. ಬೆಳಕು ಹರಿಯುತ್ತಿದ್ದಂತೆ ಎಲ್ಲರೂ ಒಟ್ಟಿಗೆ ಎದ್ದು ಓಡಿ ಬರುತ್ತಾರೆ.

"ಸಾರ್, ಸ್ವಲ್ಪ ತಲೆ ತಗ್ಗಿಸ್ತೀರಾ? ಮಂಜು ಕಾಣ್ತಿಲ್ಲ."

"ನಿಮಗೆ ತಲೆಯಾದ್ರೂ ಕಾಣ್ತಿದೆ. ನನಗೆ ಬರೀ ಡ್ರೋನ್ ಕಾಣ್ತಿದೆ."

ಮಂಜಿಗೆ ಅದರದೇ ಷರತ್ತುಗಳಿವೆ. ರಾತ್ರಿ ಆಕಾಶ ತಿಳಿಯಾಗಿರಬೇಕು, ಗಾಳಿ ಸುಮ್ನಿರಬೇಕು. ಆಗ ನೆಲ ಬೇಗ ತಣ್ಣಗಾಗುತ್ತದೆ. ತಣಿದ ಗಾಳಿ ಭಾರವಾಗಿ ಇಳಿಜಾರಿನಲ್ಲಿ ಜಾರಿ ಕಣಿವೆಯ ತಳ ಸೇರುತ್ತದೆ, ಅದರಲ್ಲಿದ್ದ ತೇವ ಸಣ್ಣ ಹನಿಯಾಗುತ್ತದೆ. ಬಿಸಿಲಿಗೆ ನೆಲ ಕಾಯುತ್ತಿದ್ದಂತೆ ಹನಿ ಮತ್ತೆ ಆವಿ. ಇಷ್ಟರಲ್ಲಿ ನಮಗೆ ರಜೆ ಯಾವತ್ತು ಎಂದು ವಿಚಾರಿಸುವ ಏರ್ಪಾಡು ಎಲ್ಲೂ ಇಲ್ಲ. ಆದರೂ "ಇಷ್ಟು ದೂರದಿಂದ ಬಂದಿದ್ದೀವಿ, ಮಂಜೇ ಇಲ್ಲ ಅಂದ್ರೆ ಹೇಗೆ?" ಎಂದು ಕಾವಲುಗಾರನನ್ನು ದಬಾಯಿಸುವವರಿಗೆ ಬರವಿಲ್ಲ. ಮಾರನೇ ದಿನ ಮಂಜು ಧಾರಾಳವಾಗಿ ಕವಿದರೆ ಅದೇ ಕಾವಲುಗಾರನಿಗೆ ಇನ್ನೊಂದು ಗುಂಪಿನ ಪ್ರಶ್ನೆ: "ಏನೂ ಕಾಣ್ತಿಲ್ವಲ್ಲ, ಇದು ಯಾವಾಗ ಸರಿಯುತ್ತೆ?"

ಹವಾಮಾನದವರ ಲೆಕ್ಕ ಸರಳ. 1 ಕಿಲೋಮೀಟರಿನಷ್ಟು ದೂರವೂ ಕಾಣದಿದ್ದರೆ ಫಾಗ್, ಅದಕ್ಕಿಂತ ದೂರ ಕಂಡರೆ ಮಿಸ್ಟ್. ನಮ್ಮ ಲೆಕ್ಕ ಬೇರೆ. ಒಂಟಿ ಮರ ಕಾಣಬೇಕು, ಗುಡ್ಡದ ತುದಿ ಕಾಣಬೇಕು, ನಡುವಿನ ಮೊಬೈಲ್ ಟವರ್ ಮಾತ್ರ ಮುಚ್ಚಿಹೋಗಬೇಕು.

ಈ ನಡುವೆ ಮಂಜಿಗೆ ಫ್ಲ್ಯಾಶ್ ಹೊಡೆಯುವ ಧೀರರೂ ಇದ್ದಾರೆ. ಬೆಳಕು ಮೂಗಿನ ಮುಂದಿನ ಹನಿಗಳಿಗೆ ಬಡಿದು ವಾಪಸ್ ಬರುತ್ತದೆ. ಸಿಗುವುದು ಸುಣ್ಣ ಬಳಿದ ಗೋಡೆ. ಪಕ್ಕದಲ್ಲಿದ್ದ ಬಲ್ಲವರೊಬ್ಬರು ಅಂಥವನೊಬ್ಬನಿಗೆ ಪಾಠ ಶುರು ಮಾಡಿದರು. ಬೆಳ್ಳಗಿದ್ದದ್ದನ್ನು ಬೂದಿ ಬಣ್ಣ ಮಾಡುವುದು ಕ್ಯಾಮೆರಾದ ಹುಟ್ಟುಗುಣ, ಅದಕ್ಕೇ ಎಕ್ಸ್‌ಪೋಶರ್ ಒಂದು ಸ್ಟಾಪ್ ಏರಿಸಬೇಕು, ಅಂದರೆ ಒಳಗೆ ಬಿಡುವ ಬೆಳಕು ದುಪ್ಪಟ್ಟಾಗಬೇಕು. ಮಂಜಿನಲ್ಲಿ ಆಟೋಫೋಕಸ್‌ಗೆ ಹಿಡಿಯಲು ಗೆರೆಯೇ ಸಿಗುವುದಿಲ್ಲ, ಕೈಯಲ್ಲೇ ಫೋಕಸ್ ಮಾಡಬೇಕು. ಎಲ್ಲವೂ ನಿಜ. ಪಾಠ ಮುಗಿಯುವಾಗ ಕಣಿವೆ ತೊಳೆದಿಟ್ಟ ತಟ್ಟೆಯ ಹಾಗಿತ್ತು.

ಇನ್ನೊಂದು ಕಡೆ ಇದಕ್ಕಿಂತ ಅಚ್ಚುಕಟ್ಟು. ಗೇಟಿನ ಮೇಲೆ ದೊಡ್ಡ ಬೋರ್ಡು: "ಮುಂಜಾನೆಯ ಮಂಜಿನ ನೋಟ. ಪ್ರವೇಶ ಬೆಳಿಗ್ಗೆ 9ರಿಂದ." ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅಂದರೆ ಇದೇ ಅಲ್ವಾ? ಸರಿಯಾಗಿ 9ಕ್ಕೆ ಬಾಗಿಲು ತೆರೆಯಿತು. ಒಳಗೆ ಚುರುಗುಟ್ಟುವ ಬಿಸಿಲು. ಅಲ್ಲೊಂದು ಫ್ಲೆಕ್ಸು, ಅದರ ತುಂಬ ಅದೇ ಕಣಿವೆಯ ಮಂಜಿನ ಫೋಟೊ. ಜನ ಕ್ಯೂ ನಿಂತು ಅದರ ಮುಂದೆ ಸೆಲ್ಫಿ ತೆಗೆದುಕೊಂಡರು. ಬೆಳಕು ಚೆನ್ನಾಗಿತ್ತು, ಸುಳ್ಳು ಹೇಳಬಾರದು.

ಅಸಲಿ ಮಂಜು ಕೊನೆಗೂ ನನಗೆ ಒಂದು ದಿನ ಸಿಕ್ಕಿತು. ಹತ್ತು ನಿಮಿಷವೂ ಇರಲಿಲ್ಲ, ಆದರೆ ಸಿಕ್ಕಿತು. ಮನೆಗೆ ಬಂದು ನೋಡಿದರೆ ಫೋಟೊ ಯಾಕೋ ಮಂಕು. ಫೋಟೊ ತಿದ್ದುವ ಸಾಫ್ಟ್‌ವೇರ್ ಲೈಟ್‌ರೂಮ್‌ನಲ್ಲಿ 2015ರಿಂದ ಡಿಹೇಜ್ ಅನ್ನುವ ಸ್ಲೈಡರ್ ಇದೆ. ಬಲಕ್ಕೆ ಎಳೆದರೆ ಮಂಜು ಕರಗುತ್ತದೆ, ಎಡಕ್ಕೆ ಎಳೆದರೆ ಕವಿಯುತ್ತದೆ. 9 ಗಂಟೆಯ ಗೇಟಿನವರು ಎಡಕ್ಕೆ ಎಳೆಯುತ್ತಾರೆ. ನಾನು ಬಲಕ್ಕೆ ಎಳೆದೆ. ಇನ್ನೂ ಸ್ವಲ್ಪ ಎಳೆದೆ. ಗುಡ್ಡ ಹಸಿರಾಯಿತು, ಆಕಾಶ ನೀಲಿಯಾಯಿತು, ಆ ಟವರ್ ಕೂಡ ಫಳಫಳ ಹೊಳೆಯಿತು. ಹೆಮ್ಮೆಯಿಂದ ಗೆಳೆಯನಿಗೆ ಕಳಿಸಿದೆ.

"ಸೂಪರ್ ಕಣೋ," ಅಂದ. "ಪಾಪ, ಅವತ್ತೂ ಮಂಜು ಸಿಗ್ಲಿಲ್ವಾ?"