ಬಡಿತ ಏರಿರುವಾಗಲೇ ಇಸಿಜಿ ಆಗಬೇಕು
ಎದೆಬಡಿತ ಏರಿದರೆ ಚಹಾ ಬಿಡಿ, ಚಿಂತೆ ಬಿಡಿ ಎಂದಷ್ಟೇ ಲೇಖನಗಳಲ್ಲಿ ಹೇಳಿ ನಿಲ್ಲಿಸಿದರೆ ಸಾಲದು. ದಾವಣಗೆರೆಯಲ್ಲಿರುವ ನಮ್ಮ ಅಕ್ಕನಿಗೆ ರೊಟ್ಟಿ ತಟ್ಟುತ್ತಿರುವಾಗಲೇ ಬಡಿತ ನಿಮಿಷಕ್ಕೆ 180 ದಾಟುತ್ತಿತ್ತು. ಕುತ್ತಿಗೆಯ ರಕ್ತನಾಳ ಪಟಪಟನೆ ಹಾರುವುದು ನಮಗೇ ಕಾಣುತ್ತಿತ್ತು. ಆಸ್ಪತ್ರೆ ತಲುಪುವಷ್ಟರಲ್ಲಿ ಎಲ್ಲವೂ ಶಾಂತ, ಇಸಿಜಿ ಸರಿ. ‘ಬರೀ ಗಾಬರಿ’ ಎಂದು ವರ್ಷಗಟ್ಟಲೆ ಮಾತ್ರೆ ನುಂಗಿಸಿದರು! ಕೊನೆಗೆ ಎದೆಗೆ ಹೋಲ್ಟರ್ ಎಂಬ ಪುಟ್ಟ ಇಸಿಜಿ ಯಂತ್ರ ಕಟ್ಟಿ 24 ಗಂಟೆ ಬಡಿತ ದಾಖಲಿಸಿದಾಗ ಎಸ್‌ವಿಟಿ (ಸುಪ್ರಾವೆಂಟ್ರಿಕ್ಯುಲರ್ ಟ್ಯಾಕಿಕಾರ್ಡಿಯಾ) ಸಿಕ್ಕಿಬಿತ್ತು: ಹೃದಯದ ವಿದ್ಯುತ್ ಹಾದಿಯಲ್ಲಿ ಹೆಚ್ಚುವರಿ ಸುತ್ತು. ವೈದ್ಯರು ಕಲಿಸಿದಂತೆ 15 ಸೆಕೆಂಡು ಉಸಿರು ಬಿಗಿಹಿಡಿದು ತಿಣುಕಿ, ತಕ್ಷಣ ಅಂಗಾತ ಮಲಗಿ ಕಾಲೆತ್ತಿದರೆ ಎಷ್ಟೋ ಬಾರಿ ನಿಲ್ಲುತ್ತದೆ. ಇಲ್ಲವಾದರೆ ಆಸ್ಪತ್ರೆಯಲ್ಲಿ ಅಡೆನೊಸಿನ್ ಚುಚ್ಚುಮದ್ದು. ತೊಡೆಸಂದಿನ ರಕ್ತನಾಳದಿಂದ ಕೊಳವೆ ಹಾಯಿಸಿ ಆ ಹೆಚ್ಚುವರಿ ಸುತ್ತಿನ ಜಾಗವನ್ನು ಸುಡುವ ಅಬ್ಲೇಷನ್ ಬಹುತೇಕರಿಗೆ ಶಾಶ್ವತ ಪರಿಹಾರ. ಆದರೆ ಎದೆನೋವು ಅಥವಾ ಪ್ರಜ್ಞೆ ತಪ್ಪುವಿಕೆ ಇದ್ದರೆ ಕಾಯದೆ 108ಕ್ಕೆ ಕರೆ ಮಾಡಿ.