ಕ್ಯೂ ಹಿಡಿಯ ಲಿನನ್ ದಾರವನ್ನು ದಯವಿಟ್ಟು ಒಗೆಯಬೇಡಿ

ಪೂಲ್ ಆಟದ ಕೋಲಿನ, ಅಂದರೆ ಕ್ಯೂವಿನ, ಹಿಡಿಗೆ ಸುತ್ತಿದ ಲಿನನ್ ದಾರ ಕಪ್ಪಾಗಿ ಒರಟಾದ ಕೂಡಲೇ ಸೋಪು ನೀರು ಕಲಸಿಕೊಂಡು ಕೂರುವವರೇ ಹೆಚ್ಚು. ಕೆಲಸ ಕೆಡುವುದು ಅಲ್ಲೇ. ಬೆರಳಿಗೆ ತಾಗುವ ಆ ಒರಟುತನ ಬಹುಪಾಲು ಕೊಳೆಯದಲ್ಲ, ಎದ್ದು ನಿಂತ ಜುಂಗಿನದು. ಅಗಸೆ ನಾರಿನ ಈ ದಾರವನ್ನು ಅಂಟಿನ ಮೇಲೆ ಸುತ್ತಿ, ಗಂಜಿಯನ್ನೋ ಮೇಣವನ್ನೋ ತಿಕ್ಕಿ, ಒತ್ತಿ ನುಣುಪು ಮಾಡಿರುತ್ತಾರೆ. ಆಡುತ್ತಾ ಆಡುತ್ತಾ ಆ ಲೇಪ ಸವೆಯುತ್ತದೆ, ಎಳೆಗಳು ಏಳುತ್ತವೆ, ಬೆವರು, ಜಿಡ್ಡು, ಕ್ಯೂ ತುದಿಗೆ ಹಚ್ಚುವ ಚಾಕ್‌ನ ಪುಡಿ ಎಲ್ಲ ಅದರಲ್ಲಿ ಸಿಕ್ಕಿಕೊಳ್ಳುತ್ತವೆ. ಎದ್ದ ಎಳೆಯನ್ನು ಮತ್ತೆ ಮಲಗಿಸದೆ ಬರೀ ತೊಳೆದರೆ ಹಿಡಿ ಮೊದಲಿಗಿಂತ ಬೇಗ ಕೊಳೆಯಾಗುತ್ತದೆ.

ಮೊದಲು ಒಣ ಕೆಲಸ. ಮೆತ್ತನೆಯ ಹಲ್ಲುಜ್ಜುವ ಬ್ರಷ್‌ನಿಂದ, ದಾರ ಸುತ್ತಿದ ದಿಕ್ಕಿನಲ್ಲೇ, ಚಾಕ್ ಪುಡಿಯನ್ನೆಲ್ಲ ಉದುರಿಸಿ. ಹೆಸರು ಚಾಕ್ ಆದರೂ ಅದು ಸುಣ್ಣದ ಬಳಪವಲ್ಲ. ಬಿಲಿಯರ್ಡ್ಸ್ ಆಟಗಾರ ವಿಲಿಯಂ ಸ್ಪಿಂಕ್ಸ್ ಮತ್ತು ರಸಾಯನಶಾಸ್ತ್ರಜ್ಞ ವಿಲಿಯಂ ಹಾಸ್ಕಿನ್ಸ್ 1897ರಲ್ಲಿ ಪೇಟೆಂಟ್ ಪಡೆದ ಕಾಲದಿಂದಲೂ ಅದರಲ್ಲಿರುವುದು ಸಿಲಿಕಾ, ಉಜ್ಜುಪುಡಿ, ಬಣ್ಣ. ಒಣಗಿದ್ದಾಗ ಬ್ರಷ್‌ಗೆ ಉದುರುವ ಅದೇ ಪುಡಿ ಒದ್ದೆಯಾದರೆ ನೀಲಿ ಕಲೆಯಾಗಿ ನಾರಿನೊಳಗೆ ಇಳಿಯುತ್ತದೆ. ಹಾಗೇ ಬಿಟ್ಟರೆ ಮರಳು ಕಾಗದದಂತೆ ಎಳೆಯನ್ನು ತಿನ್ನುತ್ತದೆ.

ಆಮೇಲೆ ಹಿಡಿಯ ಎರಡೂ ತುದಿಯ ಮರಕ್ಕೆ ಮಾಸ್ಕಿಂಗ್ ಟೇಪ್ ಸುತ್ತಿ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವ ಎರಡೇ ಹನಿ ಸಾಕು. ಬಿಳಿ ಬಟ್ಟೆಯನ್ನು ಅದರಲ್ಲಿ ಅದ್ದಿ, ಇನ್ನೊಂದು ಹನಿಯೂ ಬೀಳದಷ್ಟು ಹಿಂಡಿ, ಕಾಣದ ಕಡೆ ಒಂದಿಷ್ಟು ಒರೆಸಿ ನೋಡಿ. ಬಟ್ಟೆಗೆ ದಾರದ ಬಣ್ಣವೇ ಹತ್ತಿದರೆ ಅಲ್ಲಿಗೇ ನಿಲ್ಲಿಸಿ. ಹತ್ತದಿದ್ದರೆ ಎರಡು ಅಂಗುಲದಷ್ಟೇ ಜಾಗ ಹಿಡಿದು, ಕೋಲನ್ನು ತಿರುಗಿಸುತ್ತಾ ಸುತ್ತಿನ ದಿಕ್ಕಿನಲ್ಲಿ ಒರೆಸಿ. ಮೇಲೆ ಕೆಳಗೆ ಉಜ್ಜಿದರೆ ಸುತ್ತುಗಳು ಸರಿದು ಸಂದು ಬೀಳುತ್ತದೆ. ನೀರು ಒಳಗಿಳಿದರೆ ಅಡಿಯ ಗಂಜಿ, ಬಿಳಿ ಅಂಟು ಮೆತ್ತಗಾಗುತ್ತದೆ, ಮರ ಉಬ್ಬುತ್ತದೆ, ಒಣಗಿದ ಮೇಲೆ ದಾರ ಸಡಿಲ. ಜಿಡ್ಡು ಜಾಸ್ತಿ ಇದ್ದರೆ ಐಸೊಪ್ರೊಪೈಲ್ ಆಲ್ಕೊಹಾಲ್ ಬೇಗ ಆರುತ್ತದೆ, ನಿಜ. ಆದರೆ ಶೆಲ್ಯಾಕ್ (ಅರಗಿನ ಮೆರುಗು) ಲೇಪ ಇರುವ ದಾರಕ್ಕೆ ಅದು ಬೇಡ, ಲೇಪ ಕರಗಿ ಬರುತ್ತದೆ. ಬ್ಲೀಚ್ ಅಂತೂ ನಾರನ್ನೇ ಸಾಯಿಸುತ್ತದೆ. ಹೇರ್ ಡ್ರೈಯರ್ ಬಿಸಿಗೆ ಅಂಟು ಇಳಿಯುತ್ತದೆ, ಗಾಳಿಯಲ್ಲೇ ಒಂದು ದಿನ ಆರಲಿ.

ಇನ್ನು ಅಸಲಿ ಕೆಲಸ. ಒಂದು ಟೀ ಚಮಚ ಜೋಳದ ಪಿಷ್ಟವನ್ನು 200 ಮಿಲಿಲೀಟರ್ ತಣ್ಣೀರಲ್ಲಿ ಕದಡಿ, ಬಿಳುಪು ಹೋಗಿ ತಿಳಿಯಾಗುವವರೆಗೆ ಕಾಯಿಸಿ, ಪೂರ್ತಿ ಆರಿಸಿ. ಗಂಜಿ ಗಟ್ಟಿಯಾದರೆ ಕಪ್ಪು ದಾರದ ಮೇಲೆ ಬಿಳಿ ಹೊಟ್ಟು ಏಳುತ್ತದೆ, ತೆಳುವಾಗಿದ್ದರೆ ಇನ್ನೊಂದು ಪದರ ಹಚ್ಚಬಹುದು. ಬೆರಳ ತುದಿಯಿಂದ ತೀರಾ ತೆಳ್ಳಗೆ ಸವರಿ. ಇನ್ನೂ ತುಸು ಪಸೆ ಇರುವಾಗಲೇ ಮಡಚಿದ ಕಂದು ಕಾಗದವನ್ನೋ ನುಣುಪಾದ ಚರ್ಮದ ತುಂಡನ್ನೋ ಬಿಗಿಯಾಗಿ ಸುತ್ತಿ ಹಿಡಿದು ಕೋಲನ್ನು ತಿರುಗಿಸಿ. ಕೊನೆಗೆ ಗಾಜಿನ ಬಾಟಲಿಯ ಮೈಯಿಂದ ಒತ್ತಿ. ಕೋಲನ್ನು ತಿರುಗಿಸುವ ಯಂತ್ರದಲ್ಲಿ, ಅಂದರೆ ಲೇತ್‌ನಲ್ಲಿ, ಮಾಡುವವರು ವೇಗ ಕಡಿಮೆ ಇಡಬೇಕು, ಉಜ್ಜುವ ಬಿಸಿಯೂ ಅಂಟಿಗೆ ಶತ್ರುವೇ. ಕಾಗದ ತೆಗೆದಾಗ ಒಂದೊಂದು ಸುತ್ತೂ ಬೇರೆಬೇರೆಯಾಗಿ ಕಾಣುತ್ತಾ, ಕೈಗೆ ಮಾತ್ರ ಒಂದೇ ಮೈಯಾಗಿ ಸಿಗಬೇಕು.

ಮೇಲೆ ವಾರ್ನಿಷ್ ಬಳಿದು 'ಶಾಶ್ವತ' ಮಾಡುವವರ ತರ್ಕ ನನಗೆ ಅರ್ಥವಾಗುವುದಿಲ್ಲ. ಬೆವರು ಹೀರಲೆಂದೇ ಲಿನನ್ ಸುತ್ತುವುದು. ಅದನ್ನು ಮುಚ್ಚಿಬಿಡುವುದಾದರೆ ಬರೀ ಮರದ ಹಿಡಿಯೇ ಸಾಕಿತ್ತಲ್ಲ!

ಒಂದು ಎಳೆ ಮಾತ್ರ ಎದ್ದಿದ್ದರೆ ಸೂಜಿಮೊನೆಯಲ್ಲಿ ಬಿಳಿ ಅಂಟು ಇಟ್ಟು ಒತ್ತಿ. ಸೂಪರ್ ಗ್ಲೂ ಬೇಡ, ಅದು ಗಾಜಿನಂತೆ ಗಟ್ಟಿಯಾಗಿ ಕಪ್ಪು ಕಲೆ ಉಳಿಸುತ್ತದೆ. ಹಲವು ಕಡೆ ಹರಿದಿದ್ದರೆ, ಇಲ್ಲವೇ ತಿರುಚಿದಾಗ ಇಡೀ ಸುತ್ತೇ ಜಾರುತ್ತಿದ್ದರೆ ಹೊಸ ದಾರವೇ ಗತಿ. ದಾರದ ದಪ್ಪ 0.6 ಮಿಲಿಮೀಟರ್, ಹಿಡಿಯ ಅಡ್ಡಳತೆ 30 ಮಿಲಿಮೀಟರ್, ಸುತ್ತುವ ಉದ್ದ 12 ಅಂಗುಲ ಎಂದಿಟ್ಟುಕೊಂಡರೆ ಐನೂರು ಚಿಲ್ಲರೆ ಸುತ್ತು, ಸುಮಾರು 48 ಮೀಟರ್ ದಾರ ಬೇಕು. ನಡುವೆ ಗಂಟು ಬರಬಾರದು, ಹಾಗಾಗಿ 55 ಮೀಟರ್ ಇಟ್ಟುಕೊಂಡೇ ಶುರುಮಾಡಿ. ಮೊದಲ ತುದಿ ಸುತ್ತುಗಳ ಅಡಿಗೆ ಹೋಗಲಿ. ಮುಗಿಸುವಾಗ ಬೇರೆ ದಾರದ ಒಂದು ಕುಣಿಕೆಯನ್ನು ಕೊನೆಯ ಎಂಟು ಹತ್ತು ಸುತ್ತಿನ ಕೆಳಗಿಟ್ಟು, ಉಳಿದ ತುದಿಯನ್ನು ಅದರೊಳಗೆ ತೂರಿಸಿ ಎಳೆದು, ಹೊರಬಂದದ್ದನ್ನು ಬುಡಕ್ಕೆ ಕತ್ತರಿಸಿ.