ಸತ್ಯಾಂಶ: ರೈಡರ್ ಇದ್ದರೆ ಆಸ್ಪತ್ರೆ ಬಿಲ್ ಪೂರ್ತಿ ಸಿಗುತ್ತದೆಯೇ?

‘ಜೀವವಿಮೆಗೆ ಕ್ರಿಟಿಕಲ್ ಇಲ್‌ನೆಸ್ ರೈಡರ್ (ಗಂಭೀರ ಕಾಯಿಲೆಗಳಿಗಾಗಿ ಮೂಲ ಪಾಲಿಸಿಗೆ ಜೋಡಿಸುವ ಹೆಚ್ಚುವರಿ ರಕ್ಷಣೆ) ಸೇರಿಸಿದರೆ ಸಾಕು, ಯಾವ ಕಾಯಿಲೆಗೆ ಅಡ್ಮಿಟ್ ಆದರೂ ಬಿಲ್ ಕಂಪನಿಯೇ ಕಟ್ಟುತ್ತದೆ, ಆರೋಗ್ಯ ವಿಮೆ ಬೇಡ’ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು. ನಂಬಿ ಆರೋಗ್ಯ ವಿಮೆ ಬಿಟ್ಟವರಿಗೆ ದೊಡ್ಡ ನಷ್ಟ.

ಈ ರೈಡರ್‌ಗೂ ಬಿಲ್‌ಗೂ ಸಂಬಂಧವಿಲ್ಲ. ಪಾಲಿಸಿಯ ಪಟ್ಟಿಯಲ್ಲಿರುವ ಕಾಯಿಲೆ ಖಚಿತವಾದರೆ, ಮೊದಲೇ ಗೊತ್ತುಮಾಡಿದ ಮೊತ್ತ ಒಂದೇ ಗಂಟಿನಲ್ಲಿ ಬರುತ್ತದೆ; ಮನೆ ಖರ್ಚಿಗೋ ಸಾಲಕ್ಕೋ ಬಳಸಬಹುದು. ಡೆಂಗ್ಯೂ, ಅಪೆಂಡಿಕ್ಸ್ ಆ ಪಟ್ಟಿಯಲ್ಲಿರುವುದಿಲ್ಲ.

ಹೆಸರು ಪಟ್ಟಿಯಲ್ಲಿದ್ದರೂ ತೀವ್ರತೆಯ ಷರತ್ತುಗಳಿವೆ. ಜನ ಎಡವುವುದು ಹೆಚ್ಚಾಗಿ ಇಲ್ಲೇ. ವಿಮಾ ನಿಯಂತ್ರಣ ಸಂಸ್ಥೆಯಾದ ಐಆರ್‌ಡಿಎಐನ ಪ್ರಮಾಣಿತ ವ್ಯಾಖ್ಯೆಯ ಪ್ರಕಾರ, ಹುಟ್ಟಿದ ಜಾಗದಿಂದ ಇನ್ನೂ ಹರಡದ ತೀರಾ ಆರಂಭದ ಕ್ಯಾನ್ಸರ್ ಇದರೊಳಗೆ ಬರುವುದಿಲ್ಲ. ಆಂಜೈನಾದ (ಹೃದಯಕ್ಕೆ ರಕ್ತ ಸಾಲದೆ ಬರುವ) ಎದೆನೋವು ಹೃದಯಾಘಾತ ಎನಿಸಿಕೊಳ್ಳುವುದಿಲ್ಲ. ಪಾಲಿಸಿ ಶುರುವಾದ ಮೊದಲ 90 ದಿನ ಸಾಮಾನ್ಯವಾಗಿ ಕಾಯುವ ಅವಧಿ; ಆಗ ಕಾಯಿಲೆ ಪತ್ತೆಯಾದರೆ ಹಣ ಸಿಗುವುದಿಲ್ಲ. ಕಾಯಿಲೆ ಪತ್ತೆಯಾದ ಮೇಲೆ ಇಂತಿಷ್ಟು ದಿನ ಬದುಕಿರಬೇಕೆಂಬ ಷರತ್ತೂ ಹಲವು ಪಾಲಿಸಿಗಳಲ್ಲಿದೆ, ಓದಲು ಕಠೋರವೆನಿಸಿದರೂ.

ಏಜೆಂಟರನ್ನು ತಪ್ಪದೆ ಕೇಳಬೇಕಾದ ಪ್ರಶ್ನೆ: ಈ ಹಣ ಕೊಟ್ಟಮೇಲೆ ಜೀವವಿಮೆಯ ಮೊತ್ತ ಅಷ್ಟೇ ಇಳಿಯುತ್ತದೆಯೇ? ಕೆಲವು ರೈಡರ್‌ಗಳಲ್ಲಿ ಇಳಿಯುತ್ತದೆ, ಕೆಲವುಗಳಲ್ಲಿ ಇಲ್ಲ. ಕ್ಲೇಮ್ ಅನ್ಯಾಯವಾಗಿ ತಿರಸ್ಕೃತವಾಯಿತೆನಿಸಿದರೆ ಮೊದಲು ಕಂಪನಿಗೆ ಲಿಖಿತ ದೂರು ಕೊಡಿ. ಅಲ್ಲಿ ಪರಿಹಾರ ಸಿಗದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ (ವಿಮಾ ದೂರುಗಳನ್ನು ಇತ್ಯರ್ಥಪಡಿಸುವ ಅಧಿಕಾರಿ) ಕಚೇರಿಗೆ ಹೋಗಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.